ಬೇಸಿನ್ ನೋಡಿ ಹೇಳುವ ಶಾಸ್ತ್ರ

ನನ್ನ ಕೆಳಸಾಲಿನ ಮುಂದಿನ ಹಲ್ಲು ಬಿದ್ದದ್ದು ಗೋಳಿಬಜೆ ತಿನ್ನುವಾಗ. ಚಕ್ಕುಲಿಯಲ್ಲ, ಕಬ್ಬಲ್ಲ, ಹುರಿದ ಹಲಸಿನ ಬೀಜವೂ ಅಲ್ಲ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವ ಗೋಳಿಬಜೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆಂದು ಬಿಸಿಬಿಸಿ ತರಿಸಿದ್ದರು. ಚಟ್ನಿಯಲ್ಲಿ ಅದ್ದಿ ಕಚ್ಚಿದೆ, ಬಾಯಿಗೆ ಕಲ್ಲು ಸಿಕ್ಕಿತು. ತೆಗೆದು ನೋಡಿದರೆ ಹಲ್ಲು. ಎದುರು ಕೂತಿದ್ದ ಹಿಂದಿ ಟೀಚರು, "ಅಯ್ಯೋ ದೇವರೇ, ಹೋಟೆಲಿನವರು ಬಜೆಗೆ ಎಂತೆಂತ ಹಾಕ್ತಾರೆ ನೋಡಿ! ಫೋನು ಮಾಡಿ ಬಯ್ಯಬೇಕು" ಎಂದು ಎದ್ದೇಬಿಟ್ಟರು. "ಹೋಟೆಲಿನದ್ದಲ್ಲ ಟೀಚರ್, ನನ್ನದು" ಎಂದೆ. ಆಗ ನನಗೆ ನಲವತ್ತು ಕಳೆದು ಹೆಚ್ಚು ಸಮಯವೂ ಆಗಿರಲಿಲ್ಲ.

ಗಂಡನಿಗೆ ಫೋನು ಮಾಡಿ ಹೇಳಿದೆ. "ಬಜೆ ಅಷ್ಟು ಗಟ್ಟಿ ಇತ್ತಾ?" ಎಂದು ಕೇಳಿದರು. ಇವರು ಪಣಂಬೂರಿನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಯಾರ ತಲೆಯ ಮೇಲೆ ಹೆಲ್ಮೆಟ್ ಇಲ್ಲ, ಯಾವ ಏಣಿಯ ಕಾಲು ಅಲುಗಾಡುತ್ತದೆ ಎಂದು ದೂರದಿಂದಲೇ ಕಂಡುಹಿಡಿಯುವ ಪುಣ್ಯಾತ್ಮ. ಹೆಂಡತಿಯ ಹಲ್ಲು ವರ್ಷಗಟ್ಟಲೆ ಅಲುಗಾಡಿದ್ದು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

ನಾನು ಮದುವೆಯಾಗಿ ಬಂದದ್ದು ದೇವಸ್ಥಾನದ ಅರ್ಚಕರ ಮನೆಗೆ. ಮನೆಯೆಂದರೆ ಮಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಾಳಿಗೆಯ ಫ್ಲ್ಯಾಟು. ಲಿಫ್ಟ್ ಉಂಟು, ಇಂಟರ್ನೆಟ್ ಉಂಟು, ಮುಟ್ಟಾದ ಹೆಂಗಸು ಹೊರಗೆ ಕೂರುವ ಪದ್ಧತಿಯೂ ಉಂಟು. ಮಾವ ದೇವಸ್ಥಾನದಲ್ಲಿ ಪೂಜೆ ಮುಗಿಸಿ ಬಂದು ಮನೆಯ ದೇವರಿಗೂ ನೈವೇದ್ಯ ಮಾಡುವವರು. ಅಡುಗೆ ಮಡಿಯಲ್ಲೇ ಆಗಬೇಕು. ಹಾಗಾಗಿ ತಿಂಗಳ ಆ ಮೂರು ದಿನ ನನ್ನ ವಾಸ ಬಟ್ಟೆ ಒಣಗಿಸುವ ಬಾಲ್ಕನಿಯ ಪಕ್ಕದ ಸಣ್ಣ ಕೋಣೆಯಲ್ಲಿ. ಆದರೆ ಬೆಳಿಗ್ಗೆ ಸೀರೆ ಉಟ್ಟು, ಬಸ್ಸಿನಲ್ಲಿ ಊರಿಡೀ ಜನರಿಗೆ ತಾಗಿಕೊಂಡು ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡಿ ಬರಬಹುದು. ನನ್ನ ಸಂಬಳಕ್ಕೆ ಯಾವತ್ತೂ ಮೈಲಿಗೆ ಆಗಲಿಲ್ಲ.

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ನಮ್ಮೂರ ಕನ್ನಡಕ್ಕೆ ಇಳಿಸಿದ್ದೇನೆ. ತುಳುವಿನಲ್ಲಿ ಅವಕ್ಕೆ ಇನ್ನೂ ಸ್ವಲ್ಪ ಖಾರ ಹೆಚ್ಚು ಎಂದು ತಿಳಿದುಕೊಂಡರೆ ಸಾಕು.

ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ಬೇಸಿನ್ನಿನಲ್ಲಿ ನೊರೆಯ ಜೊತೆ ಸ್ವಲ್ಪ ಕೆಂಪು ಕಾಣಿಸಿತು. ತಿರುಗಿದರೆ ಅತ್ತೆ ಬೆನ್ನ ಹಿಂದೆಯೇ ನಿಂತಿದ್ದಾರೆ.

"ಒಸಡಲ್ಲಿ ರಕ್ತ ಬಂತಾ?"

"ಹೌದು ಅತ್ತೆ, ಸ್ವಲ್ಪ."

"ಹಾಗಾದರೆ ಇವತ್ತು ಅಡುಗೆ ಕೋಣೆಗೆ ಬರುವುದು ಬೇಡ. ನಾಳೆ, ತಪ್ಪಿದರೆ ನಾಡಿದ್ದು, ನೀನು ಹೊರಗೆ ಆಗ್ತಿ."

ಒಳಗೊಳಗೇ ನಕ್ಕೆ. ವಿಜ್ಞಾನದ ಟೀಚರಿಗೆ ಬೇಸಿನ್ ನೋಡಿ ಭವಿಷ್ಯ ಹೇಳುತ್ತಾರಲ್ಲ, ಎಂತ ಜನ ಎಂದು. ಮಾರನೇ ದಿನವೇ ಮುಟ್ಟಾದೆ. ಮುಂದಿನ ತಿಂಗಳೂ ಹಾಗೆಯೇ ಆಯಿತು, ಅದರ ಮುಂದಿನ ತಿಂಗಳೂ. ನನ್ನ ನಗು ಅಲ್ಲಿಗೆ ನಿಂತಿತು.

ಇದು ಅತ್ತೆಗೆ ಅವರ ಅತ್ತೆಯಿಂದ ಬಂದ ವಿದ್ಯೆ. ಅಡುಗೆಯ ನಡುವೆ ಹೆಂಗಸು ಮುಟ್ಟಾಗಿಬಿಟ್ಟರೆ ಮಾಡಿದ ಅಡುಗೆಯೆಲ್ಲ ಚೆಲ್ಲಬೇಕು, ಪಾತ್ರೆಯೆಲ್ಲ ತೊಳೆಯಬೇಕು, ಹೊಸತಾಗಿ ಒಲೆ ಹಚ್ಚಬೇಕು. ದೇವರಿಗೂ ತಡ, ಗಂಡಸರ ಹೊಟ್ಟೆಗೂ ತಡ. ಆದ್ದರಿಂದ ಮೊದಲೇ ಸುಳಿವು ಬೇಕು. ಆ ಸುಳಿವನ್ನು ನಮ್ಮ ಮನೆಯ ಹೆಂಗಸರು ಸೊಸೆಯಂದಿರ ಒಸಡಿನಲ್ಲಿ ಕಂಡುಕೊಂಡಿದ್ದರು. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಳಗೆ ತಂದ ಮೇಲೆ ಅತ್ತೆಯ ಎರಡನೆಯ ಕೆಲಸ ಬೇಸಿನ್ ನೋಡುವುದು.

ಕೆಂಪು ಕಂಡಿತೋ, ಆ ಕ್ಷಣದಿಂದ ನನಗೆ ಬ್ರಶ್ಶೂ ಇಲ್ಲ. ಯಾಕೆಂದರೆ ಬೇಸಿನ್ನಿನ ಮೇಲಿನ ಸ್ಟ್ಯಾಂಡಿನಲ್ಲಿ ಎಲ್ಲರ ಬ್ರಶ್ಶುಗಳೂ ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ನಾನು ಮುಟ್ಟಿ ಇಟ್ಟದ್ದು ಮಾವನ ಬ್ರಶ್ಶಿಗೆ ತಾಗಿ, ಆ ಬ್ರಶ್ಶು ಮಂತ್ರ ಹೇಳುವ ಬಾಯಿಗೆ ಹೋದರೆ ಗತಿಯೇನು? ಹಾಗಾಗಿ ಸುಳಿವಿನ ದಿನದಿಂದ ನಾಲ್ಕನೇ ದಿನದ ಸ್ನಾನದವರೆಗೆ ಹಲ್ಲಿಗೆ ಮಾವಿನ ಎಲೆ. ಕಂಪೌಂಡಿನ ಮಾವಿನ ಮರದಿಂದ ವಾಚ್‌ಮನ್ ಕಿತ್ತು ಕೊಡುತ್ತಿದ್ದ. ಎಲೆ ಮಡಚಿ ತಿಕ್ಕುವುದು, ನೀರು ಮುಕ್ಕಳಿಸುವುದು, ಮುಗಿಯಿತು.

ನೀನೇ ಇನ್ನೊಂದು ಬ್ರಶ್ಶು ತಂದುಕೊಳ್ಳಬಹುದಿತ್ತಲ್ಲ ಎಂದು ಈಗ ಕೇಳುವವರು ಬಹಳ ಜನ. ತಂದಿದ್ದೆ ಮಾರಾಯ್ರೇ. ಹೊರಗಿನ ಕೋಣೆಯಲ್ಲಿ ಬಾಚಣಿಗೆಯ ಹಿಂದೆ ಇಟ್ಟಿದ್ದೆ. ಅತ್ತೆ ಹುಡುಕಿ ತೆಗೆದರು.

"ಹೊರಗೆ ಇದ್ದಾಗ ಮುಟ್ಟಿದ್ದನ್ನು ಒಗೆಯದೆ ಇಟ್ಟುಕೊಳ್ಳಲಿಕ್ಕಿಲ್ಲ ಅಂತ ಗೊತ್ತಿಲ್ವಾ? ಬಟ್ಟೆ ಆದರೆ ಒಗೆಯಬಹುದು. ಬ್ರಶ್ಶನ್ನು ಒಗೆಯುವುದು ಹೇಗೆ?"

ದಿನಕ್ಕೆ ಎರಡು ಸಲ ಸಾಬೂನಿನಂಥ ನೊರೆಯಲ್ಲೇ ಮುಳುಗೇಳುವ ವಸ್ತುವನ್ನು ಒಗೆಯುವುದು ಹೇಗಂತೆ! ಮುಂದಿನ ತಿಂಗಳು ನೋಡಿದರೆ ಅದೇ ಬ್ರಶ್ಶಿನಲ್ಲಿ ಬಾಲ್ಕನಿಯ ನಲ್ಲಿಯ ಬುಡ ತಿಕ್ಕಿ ಫಳಫಳ ಮಾಡಿದ್ದರು. ಆ ನಲ್ಲಿ ಇವತ್ತಿಗೂ ಗಟ್ಟಿಯಾಗಿದೆ.

ಬಸುರಿಯಾದಾಗ ಒಂದು ತಮಾಷೆ ಆಯಿತು. ಮುಟ್ಟು ನಿಂತಿತು, ಆದರೆ ಒಸಡಿನ ರಕ್ತ ನಿಲ್ಲಲಿಲ್ಲ, ದಿನಾ ಬರತೊಡಗಿತು. ಅತ್ತೆಯ ಶಾಸ್ತ್ರ ಗೊಂದಲಕ್ಕೆ ಬಿತ್ತು. ಬೇಸಿನ್ ಹೊರಗೆ ಕೂರಿಸು ಎನ್ನುತ್ತದೆ, ಹೊಟ್ಟೆ ಬೇಡ ಎನ್ನುತ್ತದೆ. ಕೊನೆಗೆ ನಮ್ಮೂರಿನ ಎಲ್ಲ ಕಾಯಿಲೆಗಳ ತಂದೆಯಾದ ಉಷ್ಣ ಬಂದು ಅವರನ್ನು ಕಾಪಾಡಿತು. "ಅದು ಉಷ್ಣ. ಪುನರ್ಪುಳಿ ನೀರು ಕುಡಿ, ಎಳನೀರು ಕುಡಿ." ಕುಡಿದೆ. ಎರಡು ಹಲ್ಲಿನ ನಡುವೆ ಒಸಡು ಉಬ್ಬಿ ಕೆಂಪು ಗುಳ್ಳೆ ಎದ್ದಾಗ ಹಲ್ಲಿನ ಡಾಕ್ಟರಿಗೆ ತೋರಿಸುತ್ತೇನೆ ಎಂದೆ. "ಬಸುರಿ ಹೆಂಗಸು ಹಲ್ಲಿಗೆ ಕೈ ಹಾಕಿಸಿಕೊಳ್ಳಲಿಕ್ಕುಂಟಾ? ಹೊಟ್ಟೆಯಲ್ಲಿರುವ ಮಗು ಹೇಗೂ ಒಂದು ಹಲ್ಲು ತೆಗೊಂಡೇ ಹೋಗ್ತದೆ" ಎಂದರು. ಹುಟ್ಟುವ ಮೊದಲೇ ನನ್ನ ಮಗಳ ಮೇಲೆ ಕಳ್ಳತನದ ಆರೋಪ.

ಹೆರಿಗೆಯಾಗಿ ಗುಳ್ಳೆ ತಾನಾಗಿ ಇಳಿಯಿತು. ಆದರೆ ವರ್ಷಗಳಿಂದ ಎಲೆ ತಿಂದ ಒಸಡು ಅಷ್ಟರಲ್ಲಿ ಪೂರ್ತಿ ಕೆಟ್ಟಿತ್ತು. ಮುಟ್ಟಿನ ಮುಂಚೆ ಮಾತ್ರ ಬರುತ್ತಿದ್ದ ರಕ್ತ ತಿಂಗಳಿಡೀ ಬರತೊಡಗಿತು. ಬೇಸಿನ್ ಕೆಂಪಾದಾಗಲೆಲ್ಲ ಅತ್ತೆ ನನ್ನನ್ನು ಅಡುಗೆ ಕೋಣೆಯಿಂದ ಹೊರಗೆ ಇಟ್ಟರು. ನಾನು ಕೂತೆ, ಮಗುವಿಗೆ ಹಾಲೂಡಿಸಿದೆ, ಪಾಠದ ತಯಾರಿ ಮಾಡಿದೆ. ಅಡುಗೆಯೆಲ್ಲ ಅವರ ತಲೆಗೇ ಬಿತ್ತು. ಆಗ ಅವರಿಗೆ ನಿಜವಾಗಿ ಮಂಡೆಬಿಸಿ ಆಯಿತು. ನನ್ನ ಒಸಡಿಗಾಗಿ ಅಲ್ಲ, ಅಡುಗೆಗಾಗಿ.

"ನಿನಗೆ ಎಂತದ್ದು ಇದು ತಿಂಗಳಿಡೀ? ನಡಿ, ಡಾಕ್ಟರಿಗೆ ತೋರಿಸುವ" ಎಂದು ಕರೆದುಕೊಂಡು ಹೋದರು. ಎಲ್ಲಿಗೆ? ಹೆಂಗಸರ ಡಾಕ್ಟರ ಹತ್ತಿರ! ಬಾಯಲ್ಲಿ ಬರುವ ರಕ್ತಕ್ಕೆ ಗರ್ಭಕೋಶದ ಡಾಕ್ಟರು. ಅವರು ಒಮ್ಮೆ ಅತ್ತೆಯನ್ನು ನೋಡಿದರು, ಒಮ್ಮೆ ನನ್ನನ್ನು. "ಒಸಡಿಗೆ ನನ್ನ ಹತ್ತಿರ ಎಂತಕ್ಕೆ ಬಂದ್ರಿ? ಹಲ್ಲಿನವರ ಹತ್ತಿರ ಹೋಗಿ" ಎಂದು ಬೆಲ್ ಒತ್ತಿ ಮುಂದಿನವರನ್ನು ಕರೆದರು. ಮುಟ್ಟಿಗೂ ಒಸಡಿಗೂ ಸಂಬಂಧ ಉಂಟು ಎಂದು ನಂಬಿ ಬಂದಿದ್ದ ನಮ್ಮಿಬ್ಬರನ್ನೂ ಮೂರ್ಖರೆಂದು ಕಳಿಸಿದರು. ಓದಿದವರ ಗತ್ತೂ ಏನು ಕಡಿಮೆಯದಲ್ಲ.

ಹಲ್ಲಿನವರಲ್ಲಿಗೆ ಗಂಡ ಬಂದರು. ಅಲ್ಲಿದ್ದದ್ದು ಒಬ್ಬ ಎಳೇ ಡಾಕ್ಟರು. "ದಿನಾ ಬ್ರಶ್ ಮಾಡ್ತೀರಾ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಇವರು, "ಎರಡು ಹೊತ್ತೂ ಮಾಡ್ತಾಳೆ ಡಾಕ್ಟ್ರೇ" ಎಂದರು. ನಾನು ಅವರ ಮುಖ ನೋಡಿದೆ, ಅವರು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡಿದರು. "ಎಲೆ ಅಡಿಕೆ ಹಾಕ್ತೀರಾ?" ಇಲ್ಲ. "ಮತ್ತೆ ಯಾವಾಗ ರಕ್ತ ಬರ್ತದೆ?" ಒಳ್ಳೆಯ ಪ್ರಶ್ನೆ ಕೇಳಿದನಲ್ಲ ಎಂದು ಖುಷಿಯಾಗಿ, "ಮೊದಲೆಲ್ಲ ಮುಟ್ಟಿನ ಮುಂಚೆ..." ಎಂದು ಶುರುಮಾಡಿದೆ. ಗಂಡ ಕೆಮ್ಮಿದರು. ಡಾಕ್ಟರು ತನ್ನ ಟ್ರೇಯಲ್ಲಿದ್ದ ಸಲಕರಣೆಗಳನ್ನು ಸಾಲಾಗಿ ಜೋಡಿಸತೊಡಗಿದ. ಒಬ್ಬ ಕಾರ್ಖಾನೆಯ ಬೆಂಕಿಗೆ ಹೆದರುವವನಲ್ಲ, ಇನ್ನೊಬ್ಬ ರಕ್ತಕ್ಕೆ ಹೆದರುವವನಲ್ಲ. ಇಬ್ಬರಿಗೂ ಒಂದು ಶಬ್ದ ಕೇಳಿ ಜೀವ ಹೋಯಿತು. ಹಲ್ಲು ಕ್ಲೀನ್ ಮಾಡಿ, ವಿಟಮಿನ್ ಮಾತ್ರೆ ಕೊಟ್ಟು, "ಸರಿಯಾಗಿ ಬ್ರಶ್ ಮಾಡಿ ಮೇಡಂ" ಎಂದು ಕಳಿಸಿದ. ಮುಂದಿನ ತಿಂಗಳು ಪುನಃ ಮಾವಿನ ಎಲೆ.

ಗೋಳಿಬಜೆಯ ಪ್ರಕರಣ ನಡೆದದ್ದು ಇದಾಗಿ ಹಲವು ವರ್ಷಗಳ ಮೇಲೆ. ಬಿದ್ದ ಹಲ್ಲನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಂಡು ಶಾಲೆಯಿಂದ ನೇರ ಅತ್ತಾವರದ ಹಲ್ಲಿನ ಆಸ್ಪತ್ರೆಗೆ ಹೋದೆ. ಈ ಸಲ ಯಾರನ್ನೂ ಜೊತೆಗೆ ಕರೆಯಲಿಲ್ಲ. ಅಲ್ಲಿ ಒಸಡಿನದ್ದೇ ಪರಿಣತಿ ಇರುವ ಒಬ್ಬ ಲೇಡಿ ಡಾಕ್ಟರು ಸಿಕ್ಕಿದರು. ಬಾಯಿ ನೋಡುತ್ತಾ ಸಹಜವಾಗಿ, "ಮುಟ್ಟಿನ ಮುಂಚೆ ಜಾಸ್ತಿ ಆಗ್ತದಾ ಟೀಚರ್?" ಎಂದು ಕೇಳಿದರು. ಬಾಯೊಳಗೆ ಕನ್ನಡಿ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ನೋವಾಯಿತೆಂದು ಅವರು ಕೈ ತೆಗೆದರು.

ಆಮೇಲೆ ವಿವರಿಸಿದರು. ಮುಟ್ಟಿನ ಮುಂಚಿನ ದಿನಗಳಲ್ಲಿ, ಬಸುರಿನಲ್ಲಿ ಹಾರ್ಮೋನು ಏರಿದಾಗ ಒಸಡಿಗೆ ರಕ್ತ ಹೆಚ್ಚು ಹರಿಯುತ್ತದೆ. ಹಲ್ಲಿನ ಬುಡದಲ್ಲಿ ಸ್ವಲ್ಪ ಕೊಳೆ ಇದ್ದರೂ ಸಾಕು, ಒಸಡು ಕೆರಳಿ ಊದಿಕೊಳ್ಳುತ್ತದೆ. ಬಾಯಿ ಸ್ವಚ್ಛ ಇದ್ದರೆ ಹಾರ್ಮೋನು ಹೆಚ್ಚೇನೂ ಮಾಡಲಾರದು. "ಆ ದಿನಗಳಲ್ಲೇ ಇನ್ನೂ ಜಾಗ್ರತೆಯಲ್ಲಿ ಮೆತ್ತಗಿನ ಬ್ರಶ್ಶಿನಿಂದ ಉಜ್ಜಬೇಕು. ರಕ್ತ ಬಂತು ಅಂತ ಬಿಡಲಿಕ್ಕೇ ಬಾರದು. ಇದೆಲ್ಲ ಗೊತ್ತಿರುವ ವಿಷಯವೇ ಟೀಚರ್, ನಮ್ಮ ಪುಸ್ತಕದಲ್ಲೇ ಉಂಟು."

ಪುಸ್ತಕದಲ್ಲೇ ಉಂಟಂತೆ! ಯಾವ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು ಅದನ್ನು? ನಾನು ಹತ್ತನೇ ಕ್ಲಾಸಿಗೆ ಹಾರ್ಮೋನಿನ ಪಾಠ ಮಾಡುವವಳು. ಹೆಣ್ಣಿನ ದೇಹದ ಚಿತ್ರ ಬಿಡಿಸಬೇಕೆಂದರೆ ನಮ್ಮ ಪಾಠಪುಸ್ತಕದಲ್ಲಿ ಗರ್ಭಕೋಶ ಮತ್ತು ಎರಡು ಅಂಡಾಶಯ. ಆ ಹೆಣ್ಣಿಗೆ ಬಾಯಿ ಎಂಬುದೇ ಇಲ್ಲ. ಡಾಕ್ಟರುಗಳೂ ಹಾಗೆಯೇ ನಮ್ಮನ್ನು ಹಂಚಿಕೊಂಡಿದ್ದಾರೆ, ಕೆಳಗಿನದು ಒಬ್ಬರಿಗೆ, ಮೇಲಿನದು ಇನ್ನೊಬ್ಬರಿಗೆ. ನಡುವೆ ಹರಿಯುವ ರಕ್ತ ಮಾತ್ರ ಯಾರಿಗೂ ಬೇಡ.

ಆ ದಿನ ಮನೆಗೆ ಬಂದು ನನ್ನ ಬ್ರಶ್ಶನ್ನು ಹೊರಗಿನ ಕೋಣೆಯ ಕಿಟಕಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಅತ್ತೆ ಮೂಗು ಮುರಿದರು, ತೆಗೆಯಲಿಲ್ಲ. ಹೇಗೂ ಹಲ್ಲು ಹೋದವಳು, ಏನಾದರೂ ಮಾಡಿಕೊಳ್ಳಲಿ ಎಂದಿರಬೇಕು. ಮಗಳು ದೊಡ್ಡವಳಾದಾಗ ಅವಳಿಗೂ ಅಲ್ಲೇ ಒಂದು ಬ್ರಶ್ಶು ತಂದಿಟ್ಟೆ. ಗೆದ್ದೆ ಎಂದುಕೊಂಡೆ.

ಮಗಳಿಗೆ ಈಗ ಪಿಯುಸಿ. ಹಲ್ಲು ಉಬ್ಬಿತ್ತೆಂದು ಕಳೆದ ವರ್ಷ ಅದೇ ಅತ್ತಾವರದಲ್ಲಿ ತಂತಿ ಹಾಕಿಸಿದೆವು. ಕೆಲವು ತಿಂಗಳಲ್ಲೇ ಅವಳ ಒಸಡು ಕೆಂಪಾಗಿ ಊದಿ ತಂತಿಯ ಮೇಲೆ ಏರತೊಡಗಿತು. ಒಸಡಿನ ಡಾಕ್ಟರಿಗೆ ತೋರಿಸಿದೆ. ಅವರು ಸಣ್ಣ ಚಿಮಟದಿಂದ ತಂತಿಯ ಸಂದಿನಿಂದ ಏನನ್ನೋ ಎಳೆದು ಬೆಳಕಿಗೆ ಹಿಡಿದರು. ಹಸಿರು ನಾರು.

"ಇದೆಂತ ಮಗಾ? ಸೊಪ್ಪು ತಿಂದದ್ದಾ?"

ಮಗಳು ನನ್ನ ಮುಖ ನೋಡಿದಳು. "ಮಾವಿನ ಎಲೆ" ಎಂದಳು ಮೆಲ್ಲಗೆ.

ನಾನು ಬೆಳಿಗ್ಗೆ ಬೇಗ ಶಾಲೆಗೆ ಹೊರಡುವವಳು. ನಾನು ಮೆಟ್ಟಿಲು ಇಳಿದ ಮೇಲೆ ಅಜ್ಜಿ ಮೊಮ್ಮಗಳಿಗೆ ಎಲೆ ಕೊಡುತ್ತಿದ್ದರು. "ಅಜ್ಜಿಗೆ ಬೇಜಾರಾಗ್ತದೆ ಅಂತ ಬ್ರಶ್ ಮಾಡ್ಲಿಲ್ಲ ಅಮ್ಮ. ಸ್ವಲ್ಪ ದಿನವೇ ಅಲ್ವಾ?" ಎಂದಳು. ಡಾಕ್ಟರು ಹೇಳಿದ್ದಿಷ್ಟು: "ಒಸಡು ಹೀಗೇ ಇದ್ದರೆ ತಂತಿ ತೆಗೆಸಬೇಕಾಗ್ತದೆ. ಈ ಪ್ರಾಯದಲ್ಲೇ ರೋಗ ಎಲುಬಿಗೆ ಇಳಿದರೆ ಮತ್ತೆ ಇವಳ ಹಲ್ಲೂ ನಿಮ್ಮ ಹಾಗೆಯೇ." ನನ್ನ ಹಲ್ಲು ಹೋದಾಗ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ನವರಾತ್ರಿಯ ಸಮಯ. ಮಾರನೇ ದಿನ ಬೆಳಿಗ್ಗೆ ಎಲ್ಲರೂ ಮನೆಯಲ್ಲಿದ್ದರು. ಮಗಳು ಬೇಸಿನ್ನಿನ ಎದುರು ಉಗುಳಿದಳು, ಅತ್ತೆ ಹಿಂದಿನಿಂದ ಇಣುಕಿದರು.

"ಕೆಂಪು ಉಂಟು. ಬ್ರಶ್ಶು ಇಡು ಮಗಾ, ಹೊರಗೆ ಹೋಗು. ಎಲೆ ತಂದು ಕೊಡ್ತೇನೆ."

ನಾನು ನಡುವೆ ಹೋಗಿ ನಿಂತೆ. "ಅವಳು ಬ್ರಶ್ಶು ಇಡುವುದಿಲ್ಲ ಅತ್ತೆ. ಇನ್ನು ಮೇಲೆ ಯಾವ ದಿನವೂ ಇಡುವುದಿಲ್ಲ."

"ನಮ್ಮ ಕಾಲದಲ್ಲಿ ಬ್ರಶ್ಶು ಎಲ್ಲಿತ್ತು? ನಾವೆಲ್ಲ ಎಲೆಯಲ್ಲೇ ತಿಕ್ಕಿದವರು."

"ತಿಕ್ಕಿ ಎಷ್ಟು ಹಲ್ಲು ಉಳೀತು?"

ಬೇಸಿನ್ನಿನ ಮೇಲೆ, ಬ್ರಶ್ಶುಗಳ ಪಕ್ಕದಲ್ಲೇ ಸ್ಟೀಲಿನ ಬಟ್ಟಲಿನಲ್ಲಿ ಅತ್ತೆಯ ಎರಡೂ ಸಾಲಿನ ಹಲ್ಲು ನೀರಲ್ಲಿ ಮುಳುಗಿತ್ತು. ಎಲ್ಲಿಯದೋ ಲ್ಯಾಬು, ಯಾರ ಕೈಯದ್ದೋ ಕೆಲಸ; ಅದಕ್ಕೆ ಆ ಸ್ಟ್ಯಾಂಡಿನಲ್ಲಿ ಜಾಗ ಉಂಟು, ನಮ್ಮ ಬ್ರಶ್ಶಿಗೆ ಇಲ್ಲ.

"ಅದು ಇವನು ಹುಟ್ಟುವಾಗ ಹೋದದ್ದು" ಎಂದು ಬೊಚ್ಚುಬಾಯಿಯಲ್ಲೇ ಹೇಳಿ ಮಗನ ಕೋಣೆಯ ಕಡೆ ಕೈ ತೋರಿಸಿದರು. "ಒಂದು ಹೋಯ್ತು, ಮತ್ತೆ ಒಂದೊಂದೇ ಹೋಯ್ತು. ನಲವತ್ತು ಆಗುವಾಗ ಒಂದೂ ಇರಲಿಲ್ಲ. ನಮಗೆ ಹೇಳುವವರು ಯಾರಿದ್ದರು?"

ಪಾಪ ಅನ್ನಿಸಿತೇ? ಅನ್ನಿಸಿತು. ಆದರೆ ಆ ಪಾಪಕ್ಕೆ ನನ್ನ ಮಗಳ ಹಲ್ಲು ಕೊಡಲು ನಾನು ತಯಾರಿರಲಿಲ್ಲ.

"ಯಾರೂ ಹೇಳುವುದೇ ಬೇಡವಿತ್ತು ಅತ್ತೆ, ನಿಮಗೇ ಗೊತ್ತಿತ್ತು. ಡಾಕ್ಟರು ಹೇಳುವ ಎಷ್ಟೋ ಮೊದಲೇ ಈ ಬೇಸಿನ್ ನೋಡಿ ನೀವು ಹೇಳಿದ್ದೀರಿ, ಮೊದಮೊದಲು ಒಂದು ಸಲವೂ ತಪ್ಪಿರಲಿಲ್ಲ. ಇಷ್ಟು ಗೊತ್ತಿದ್ದು ಎಂತ ಮಾಡಿದಿರಿ? ಅನ್ನದ ಪಾತ್ರೆ ಉಳಿಸಿದಿರಿ. ನಿಮ್ಮ ಹಲ್ಲೂ ಉಳಿಸಲಿಲ್ಲ, ನನ್ನದೂ ಉಳಿಸಲಿಲ್ಲ."

"ಹಬ್ಬದ ದಿನ ಎಂತ ಗಲಾಟೆ ಮಾರಾಯ್ತಿ" ಎಂದು ಸೇಫ್ಟಿ ಆಫೀಸರರು ಬಾಗಿಲಲ್ಲಿ ಕಾಣಿಸಿಕೊಂಡರು. "ಅಪಘಾತ ಆದ ಮೇಲೆ ಬಂದಿರಲ್ಲ, ಒಳಗೆ ಹೋಗಿ" ಎಂದೆ. ಹೋದರು. ಮಾವ ದೇವರ ಕೋಣೆಯಿಂದ ಹೊರಗೇ ಬರಲಿಲ್ಲ; ಗಂಟೆ ಮಾತ್ರ ಸ್ವಲ್ಪ ಜೋರಾಗಿ ಬಾರಿಸಿದರು. ನಾನು ಮಗಳ ಬ್ರಶ್ಶಿಗೆ ಪೇಸ್ಟ್ ಹಾಕಿ ಕೈಗೆ ಕೊಟ್ಟೆ. ಅವಳು ಉಜ್ಜಿ ಮುಗಿಸಿದ ಮೇಲೆ ಅದನ್ನು ತೊಳೆದು, ಕಿಟಕಿಯಲ್ಲಲ್ಲ, ಸ್ಟ್ಯಾಂಡಿನಲ್ಲೇ ಇಟ್ಟೆ. ನನ್ನದನ್ನೂ ತಂದು ಅದರ ಪಕ್ಕ ಇಟ್ಟೆ.

ಸಂಜೆ ನೋಡಿದರೆ ಮಾವನ ಬ್ರಶ್ಶು ಅಲ್ಲಿರಲಿಲ್ಲ. ಅತ್ತೆ ಅದನ್ನು ಒಂದು ಲೋಟದಲ್ಲಿ ಹಾಕಿ ಅಡುಗೆ ಕೋಣೆಯ ಕಿಟಕಿಯಲ್ಲಿ ಬೇರೆ ಇಟ್ಟಿದ್ದರು. ಇಷ್ಟು ವರ್ಷ ನಾವು ಕೂತೆವು, ಈಗ ಆ ಬ್ರಶ್ಶು ಬೇರೆ ಕೂರಲಿ ಎಂದು ಅದನ್ನು ಅಲ್ಲೇ ಬಿಟ್ಟೆ.

ಇದಾಗಿ ಸುಮಾರು ಸಮಯವಾಯಿತು. ಮಗಳ ಒಸಡು ಕ್ಲೀನ್ ಮಾಡಿಸಿದೆವು. ಮುಟ್ಟಿನ ಮುಂಚೆ ಅವಳು ಇನ್ನಷ್ಟು ಜಾಗ್ರತೆಯಿಂದ, ಕನ್ನಡಿಯ ಎದುರು ನಿಂತು ತಂತಿಯ ಸಂದುಸಂದನ್ನೂ ಉಜ್ಜುತ್ತಾಳೆ. ಊತ ಇಳಿದಿದೆ, ತಂತಿ ಉಳಿದಿದೆ. ಅತ್ತೆ ಮಾತ್ರ ಈಗಲೂ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತಂದಿಟ್ಟು ಬೇಸಿನ್ನಿನ ಹತ್ತಿರ ಬರುತ್ತಾರೆ. ನೋಡುತ್ತಾರೆ. ನಲ್ಲಿ ತಿರುಗಿಸಿ ಇನ್ನೊಮ್ಮೆ ನೋಡುತ್ತಾರೆ. ಏನೂ ಸಿಗುವುದಿಲ್ಲ. "ಈಗ ಗೊತ್ತೇ ಆಗುವುದಿಲ್ಲ ಮಾರಾಯ್ತಿ" ಎಂದು ನನ್ನ ಹತ್ತಿರವೇ ದೂರು.

ಮೊನ್ನೆ ಸಂಕ್ರಾಂತಿಯ ಬೆಳಿಗ್ಗೆ ಮಗಳು ಹಲ್ಲುಜ್ಜುತ್ತಿದ್ದಳು. ದೇವರಿಗೆ ಹೂ ಕಟ್ಟುವ ಕೆಲಸ ಅವಳದ್ದು. ಅತ್ತೆ ಬಂದು ಬೇಸಿನ್ ನೋಡಿದರು, ಅವಳ ಮುಖ ನೋಡಿದರು. ಹೂವಿನ ಬುಟ್ಟಿ ಅವರ ಕೈಯಲ್ಲೇ ಇತ್ತು.

"ಒಂದು ಹೇಳು ಮಗಾ. ಇವತ್ತು ನೀನು ಒಳಗಾ, ಹೊರಗಾ?"

ಮಗಳು ಉಗುಳಿದಳು, ಬಾಯಿ ತೊಳೆದಳು, ಬ್ರಶ್ಶನ್ನು ಸ್ಟ್ಯಾಂಡಿನಲ್ಲಿ ಇಟ್ಟಳು. ಅಜ್ಜಿಯ ಕೈಯಿಂದ ಬುಟ್ಟಿ ತೆಗೆದುಕೊಂಡು, ತಂತಿ ಹಾಕಿದ ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು.

"ನನ್ನನ್ನು ಎಂತಕ್ಕೆ ಕೇಳ್ತೀರಿ ಅಜ್ಜಿ? ಬೇಸಿನ್ನನ್ನೇ ಕೇಳಿ."